ಸಮಾಧಿಯ ಗೋಡೆ, ಮನೆಯ ಬಾಗಿಲು

ನಮ್ಮ ದೇಶದ ಇತ್ತೀಚಿನ ಇತಿಹಾಸವನ್ನು ಬರೆದವರು ಅನೇಕರು. ತಮ್ಮ ಮನೆಯ ಗಾಯವನ್ನು ಪಕ್ಕಕ್ಕಿಟ್ಟು ಅದನ್ನು ಬರೆದವರು ವಿರಳ. ಸೋಫಿಯಾ ವಿಶ್ವವಿದ್ಯಾಲಯದ ನಮ್ಮ ಇತಿಹಾಸ ವಿಭಾಗದಿಂದ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಪ್ರೊಫೆಸರ್ ನೆವೆನಾ ತಬಕೋವಾ ಅವರು ಆ ವಿರಳರಲ್ಲಿ ಒಬ್ಬರು. ನಗರದ ಉದ್ಯಾನದೆದುರು ನಿಂತಿದ್ದ ಕಮ್ಯುನಿಸ್ಟ್ ನಾಯಕನ ಸಮಾಧಿ ಮಂದಿರದ ಬಗ್ಗೆ ಇಂದು ಯಾರೇ ಬರೆಯಲಿ, ತಬಕೋವಾ ಅವರ ಗ್ರಂಥವನ್ನು ತೆರೆಯದೆ ಮುಂದೆ ಹೋಗಲಾರರು. ನಾಯಕನ ಶವ ಮಾಸ್ಕೋದಿಂದ ಬಂದು ತಲುಪುವ ಹೊತ್ತಿಗೆ ಆರೇ ದಿನಗಳಲ್ಲಿ ಎದ್ದು ನಿಂತ ಆ ಬಿಳಿ ಕಟ್ಟಡವನ್ನೂ, ನಾಲ್ಕು ದಶಕ ಅದರ ಮುಂದೆ ಸಾಲುಗಟ್ಟಿದ ಜನರನ್ನೂ, ಶವವನ್ನು ಹೊರತಂದು ದಹಿಸಿದ ಮೇಲೆ ಉಳಿದ ಬರಿದಾದ ಕೋಣೆಯನ್ನೂ ಅವರು ಹೊಗಳದೆ, ತೆಗಳದೆ ದಾಖಲಿಸಿದ್ದಾರೆ.

ಹಾಗೆ ಬರೆಯುವುದು ಅವರಿಗೆ ಸುಲಭವಾಗಿರಲಿಲ್ಲ. ಅವರು ತೊಟ್ಟಿಲಲ್ಲಿದ್ದಾಗಲೇ, ರೈತ ಪಕ್ಷದ ಸಣ್ಣ ಕಾರ್ಯಕರ್ತರಾಗಿದ್ದ ತಂದೆ ಇಲಿಯಾ ಅವರನ್ನು ಕಮ್ಯುನಿಸ್ಟ್ ಸರ್ಕಾರದ ಪೊಲೀಸರು ಸೆರೆಶಿಬಿರಕ್ಕೆ ಒಯ್ದರು. ಅವರು ಮರಳಲಿಲ್ಲ, ಶವವೂ ಮನೆಗೆ ಬರಲಿಲ್ಲ.

ನಾನು ಬೆಟ್ಟದ ಹೊಗೆಸೊಪ್ಪಿನ ಹಳ್ಳಿಯಿಂದ ಅವರ ವಿದ್ಯಾರ್ಥಿಯಾಗಿ ಬಂದೆ. ಬ್ರೆಡ್ಡಿಗೂ ಪರದಾಡಿದ ಆ ಕೆಟ್ಟ ಚಳಿಗಾಲದಲ್ಲಿ, ಓವರ್‌ಕೋಟು ತೊಟ್ಟೇ ಪಾಠ ಕೇಳುತ್ತಿದ್ದ ನಮ್ಮನ್ನು ಮೇಡಂ ಪುಸ್ತಕ ಜೋಡಿಸುವ ನೆಪ ಹೇಳಿ ಮನೆಗೆ ಕರೆಯುತ್ತಿದ್ದರು. ಪುಸ್ತಕಗಳು ಅದಾಗಲೇ ಜೋಡಿಸಿಯೇ ಇರುತ್ತಿದ್ದವು. ಮೇಜಿನ ಮೇಲೆ ಹುರುಳಿಕಾಯಿ ಬೀಜದ ಬಿಸಿ ಸಾರು, ಸುಟ್ಟ ಕೆಂಪು ಮೆಣಸಿನ ಗೊಜ್ಜು ಕಾಯುತ್ತಿದ್ದವು. ಅವರ ತಾಯಿ ರಾಯ್ನಾ ಅಜ್ಜಿ ನನ್ನ ತಟ್ಟೆ ನೋಡಿ, "ಏನೇ ನೆವೆನಾ, ಇತಿಹಾಸ ಓದೋರು ಇಷ್ಟೊಂದು ತಿಂತಾರೇನೇ?" ಎನ್ನುತ್ತಲೇ ಇನ್ನೊಂದು ಸೌಟು ಬಡಿಸುತ್ತಿದ್ದರು. ಆ ಸಾರಿನ ಋಣ ಈ ಲೇಖನದಿಂದ ತೀರುವಂಥದ್ದಲ್ಲ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಭಾವಚಿತ್ರವಿರುವ ಮರಣಪತ್ರವನ್ನು ಮನೆಯ ಬಾಗಿಲಿಗೆ ಅಂಟಿಸುತ್ತೇವೆ. ವರ್ಷಾವರ್ಷವೂ ಹೊಸದನ್ನು ಹಾಕುತ್ತೇವೆ. ಇಲಿಯಾ ಅವರ ಪತ್ರ ಆ ಬಾಗಿಲನ್ನು ಕಾಣಲೇ ಇಲ್ಲ. ಕಮ್ಯುನಿಸ್ಟ್ ಆಳ್ವಿಕೆ ಉರುಳಿದಂದಿನಿಂದ ಅಜ್ಜಿ ಪ್ರತಿ ವಸಂತದಲ್ಲೂ ಗಂಡನನ್ನು ಒಯ್ದ ದಿನ, ಹಿಟ್ಟಿನ ಅಂಟು ಕಾಯಿಸಿಕೊಂಡು ಹೋಗಿ ಅದನ್ನು ಸಮಾಧಿ ಮಂದಿರದ ಗೋಡೆಗೇ ಅಂಟಿಸುತ್ತಿದ್ದರು. ಸಮಾಧಿಯ ಸ್ಥಳ ಬರೆಯಬೇಕಾದ ಸಾಲು ಖಾಲಿ ಇರುತ್ತಿತ್ತು. ಆ ಗೋಡೆಗೇ ಏಕೆ ಎಂದು ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಮನೆ ಬಾಗಿಲಿಗೆ ಅಂಟಿಸಿದ್ರೆ ಅವರು ಹೋದ್ರು ಅಂತ ನಾನು ಒಪ್ಕೊಂಡ ಹಾಗಪ್ಪ. ಇಲ್ಲಿ ಅಂಟಿಸಿದ್ರೆ, ಕೊಂದೋರು ಒಪ್ಕೋಬೇಕು."

ಮಂದಿರವನ್ನು ಕೆಡವಲು ಸರ್ಕಾರ ತೀರ್ಮಾನಿಸಿದಾಗ ತಬಕೋವಾ ಅವರು ಬಹಿರಂಗವಾಗಿ ವಿರೋಧಿಸಿದರು. ನಡೆದದ್ದಕ್ಕೆ ಸಾಕ್ಷಿಯಾಗಿ ಅದು ನಿಲ್ಲಬೇಕೆಂಬುದು ಅವರ ವಾದ. ಜೀವನವಿಡೀ ಆ ಪಕ್ಷದ ನೆರಳಿಗೂ ಹೋಗದವರನ್ನು ಪತ್ರಿಕೆಗಳು ಕಮ್ಯುನಿಸ್ಟ್ ಎಂದು ಜರೆದವು. ಸಹೋದ್ಯೋಗಿಗಳು ಎದುರಾದರೆ ಮುಖ ತಿರುಗಿಸಿದರು. ನನಗಂತೂ ಇಂದಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಸಿಡಿಮದ್ದು ಇಡುವ ದಿನ ಬೇಲಿಯ ಬಳಿ ಒಬ್ಬಾತ ಅವರನ್ನು ಕೆಣಕಿದ: "ಏನ್ ಮೇಡಂ, ನಿಮ್ಮ ನಾಯಕನ ಮನೆ ಬೀಳ್ತದೆ ಅಂತ ಹೊಟ್ಟೆ ಉರೀತಿದ್ಯಾ?"

ಪಕ್ಕದಲ್ಲಿದ್ದ ಅಜ್ಜಿ ಊರುಗೋಲು ಎತ್ತಿ, "ನನ್ನ ಗಂಡನ್ನ ಎಲ್ಲಿ ಹೂತಿದ್ದಾರೆ ತೋರಿಸಪ್ಪ. ಆಮೇಲೆ ನಾನೇ ಬಂದು ಕೆಡವ್ತೀನಿ," ಎಂದರು. ಆತ ಮೆಲ್ಲನೆ ಜನರೊಳಗೆ ಸರಿದುಕೊಂಡ.

ಮೊದಲ ಸ್ಫೋಟಕ್ಕೆ ಕಟ್ಟಡ ಬೀಳಲಿಲ್ಲ, ಒಂದಿಷ್ಟು ವಾಲಿತಷ್ಟೆ. ಇಡೀ ನಗರ ನಕ್ಕಿತು. ಅಜ್ಜಿಯೂ ನಕ್ಕು, "ಸತ್ತ ಮೇಲೂ ಎಂಥಾ ಹಟ ನೋಡೇ ಇವನಿಗೆ!" ಎಂದರು; ಮರುಗಳಿಗೆಯಲ್ಲೇ ಮಗಳ ತೋಳು ಹಿಡಿದು ಅತ್ತರು. ಕೆಲವೇ ದಿನಗಳಲ್ಲಿ ಗೋಡೆ ನೆಲಸಮವಾಯಿತು. ಮರುವರ್ಷ ಅಂಟಿನ ಡಬ್ಬಿ ಹಿಡಿದು ಬಂದ ಅಜ್ಜಿ ಆ ಬಯಲಿನಲ್ಲಿ ಗೋಡೆಯಿದ್ದ ಜಾಗದವರೆಗೂ ನಡೆದು, ಪತ್ರವನ್ನು ಮಡಚಿಕೊಂಡು ಹಿಂದಿರುಗಿದರು. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಬಾಗಿಲಿಗೆ ಬಂದದ್ದು ಅವರೊಬ್ಬರ ಮರಣಪತ್ರ ಮಾತ್ರ.

ಅಲ್ಲಿಂದೀಚೆಗೆ ತಬಕೋವಾ ಅವರು ಪ್ರತಿ ರಜೆಯಲ್ಲೂ ಹಳೆಯ ಶಿಬಿರಗಳಿದ್ದ ಊರುಗಳನ್ನು ಸುತ್ತಿ ಮುದುಕರನ್ನು ಮಾತಾಡಿಸಿದರು. ಬೇರೆ ಕೆಲವು ಮನೆಯವರಿಗೆ ಅವರವರ ಹಿರಿಯರ ಗೋರಿ ಸಿಕ್ಕಿದ್ದು ಅದರಿಂದಲೇ. ಅವರ ತಂದೆಯದು ಇನ್ನೂ ಸಿಕ್ಕಿಲ್ಲ. ಈಚೆಗೆ ವಿಶ್ರಾಂತಿಯ ಮಾತೆತ್ತಿದಾಗ ನನ್ನನ್ನೇ ಗದರಿಸಿದರು: "ವಿಶ್ರಾಂತಿ ಯಾರಿಗೋ? ಇನ್ಮೇಲೆ ಪಾಠದ ಕಾಟ ಇಲ್ಲ, ವರ್ಷವಿಡೀ ಹುಡುಕಬಹುದು."

ಆ ಹುಡುಕಾಟಕ್ಕೆ ಸಾಲುವಷ್ಟು ಆಯುಷ್ಯ, ಆರೋಗ್ಯ ಅವರದಾಗಲಿ ಎಂದು ಅವರ ಶಿಷ್ಯವರ್ಗದ ಪರವಾಗಿ ಹಾರೈಸುತ್ತೇನೆ. ಅಜ್ಜಿ ಮಡಚಿಟ್ಟ ಆ ಪತ್ರ ಇಂದಿಗೂ ಅವರ ಮನೆಯಲ್ಲಿದೆ. ಅದರ ಖಾಲಿ ಸಾಲಿನಲ್ಲಿ ಮೇಡಂ ತಮ್ಮ ಕೈಯಾರೆ ಒಂದು ಊರಿನ ಹೆಸರು ಬರೆದು, ತಂದೆಯನ್ನು ಅವರ ಮನೆಯ ಬಾಗಿಲಿಗೆ ಕರೆತರುವಂತಾಗಲಿ.