ಆ ಎಣ್ಣೆಯಲ್ಲ

ಅಣ್ಣನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ಆ ಬೆಳಿಗ್ಗೆ ಚಿತ್ತವಾಡ್ಗಿಯ ಮನೆಯಲ್ಲಿ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಕುತ್ತಿಗೆಯ ಮೇಲೆ ಬೆವರು. ಎಡಗೈ ಎದೆಗೆ ಹೋಯಿತು. ಅತ್ತಿಗೆ ಆಟೋ ಕರೆದರು. ಆಸ್ಪತ್ರೆ ಮುಟ್ಟುವವರೆಗೆ ನಾನು ಅವನ ತೋಳು ಬಿಡಲಿಲ್ಲ.

ಅಲ್ಲಿದ್ದ ಡಾಕ್ಟರು ಎದೆಗೆ ವೈರು ಅಂಟಿಸುತ್ತಲೇ ಕೇಳಿದರು, “ಸ್ಟೆಂಟ್ ಹಾಕಿದಾಗ ಕೊಟ್ಟ ಗುಳಿಗೆ ತಪ್ಪದೆ ತಗೊಳ್ತಿದ್ದೀರಾ?”

ಅಣ್ಣ ಕಣ್ಣು ತೆರೆಯಲಿಲ್ಲ. “ಈಗ ಎಣ್ಣಿ ತಗೊಳ್ಳಾಕತ್ತೀನ್ರಿ.”

“ದಿನಾನಾ?”

“ದಿನಾರಿ. ಮುಂಜಾನೆ, ಸಂಜಿಕ.”

ಡಾಕ್ಟರು ಅತ್ತಿಗೆಯತ್ತ ತಿರುಗಿದರು. “ಇವತ್ತೂ ಕುಡಿದಿದ್ದಾರಾ?”

“ಹೂನ್ರಿ, ಖಾಲಿ ಹೊಟ್ಟ್ಯಾಗ.”

ಸ್ಟ್ರೆಚರ್ ಹಿಡಿದವನು ಪಕ್ಕದವನಿಗೆ, “ಮುಂಜಾನೆದ್ದೇ ಏರಿಸ್ಯಾನಲೇ,” ಅಂದ. ಕುಡಿದ ಹೊಟ್ಟೆಯ ಉರಿಯೂ ಇರಬಹುದೆಂದು ಡಾಕ್ಟರು ನರ್ಸಿಗೆ ಹೇಳುತ್ತಿದ್ದರು. ಆಗ ನನಗೆ ತಿಳಿಯಿತು. ಸಾರಾಯಿಗೂ ಜನ ಎಣ್ಣೆ ಅನ್ನುತ್ತಾರೆ. ಅಣ್ಣ ಅದನ್ನು ಮುಟ್ಟಿದವನೇ ಅಲ್ಲ.

“ಸರ್, ಆ ಎಣ್ಣಿ ಅಲ್ರಿ. ಅಗಸಿ ಎಣ್ಣಿ. ಕಂಪ್ಲಿ ಗಾಣದಾಗ ತಂದದ್ದು.”

ಅವರ ಕೈ ನಿಂತಿತು. “ಮತ್ತೆ ಗುಳಿಗೆ?”

ಅತ್ತಿಗೆ ಸೆರಗಿನ ತುದಿ ಹಿಂಡಿದರು. “ಹಲ್ಲು ತಿಕ್ಕಿದ್ರ ವಸಡಿನಾಗ ರಕ್ತ ಬರ್ತಿತ್ರಿ. ಎಣ್ಣೀನೂ ರಕ್ತ ತೆಳು ಮಾಡ್ತೈತಿ ಅಂತ ಗಾಣದವ್ರು ಅಂದ್ರು. ಎರಡ್ಯಾಕ ಅಂತ ಗುಳಿಗಿ ನಾನಽ ಬಿಡಿಸಿದೆ.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಇಸಿಜಿ ಕಾಗದ ಹೊರಬರುತ್ತಿದ್ದಂತೆ ಓದಿದರು, ಗುಳಿಗೆಗಳನ್ನು ಅಗಿಯಲು ಕೊಟ್ಟರು, ಫೋನಿನಲ್ಲಿ, “ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿರಬೇಕು, ತಯಾರಿರಿ,” ಎಂದರು. ಅಣ್ಣನನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. ಅತ್ತಿಗೆ ಗೋಡೆಗೆ ಹಣೆ ಹಚ್ಚಿ ನಿಂತರು. ಆ ಎಣ್ಣೆಯನ್ನು ಒಳ್ಳೆಯದೆಂದು ನಾನೂ ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದೆ.

ಆಮೇಲೆ ಡಾಕ್ಟರು ನಮ್ಮನ್ನು ಕೂಡಿಸಿಕೊಂಡು ಹೇಳಿದರು. ಕರಿದದ್ದು ಬಿಟ್ಟು ಒಳ್ಳೆಯ ಎಣ್ಣೆಯನ್ನು ಹಿತಮಿತವಾಗಿ ಉಂಡರೆ ವರ್ಷಗಳ ಮೇಲೆ ರಕ್ತನಾಳಕ್ಕೆ ಅನುಕೂಲ. ಆದರೆ ಹೊಸದಾಗಿ ಕೂರಿಸಿದ ಲೋಹದ ಜಾಲರಿಗೆ ರಕ್ತದ ಕಣಗಳು ಅಂಟಿ ಗಟ್ಟಿಯಾಗುವುದನ್ನು ಅಗಸೆ ತಡೆಯಲಾರದು. ವಸಡಿನ ರಕ್ತದ ಮಾತು ಮೊದಲು ಅವರಿಗೆ ಮುಟ್ಟಬೇಕಿತ್ತು.

ನಾಳ ತೆರೆಯಿತು. ಹೃದಯದ ಒಂದು ಭಾಗ ಮಾತ್ರ ಮೊದಲಿನಂತೆ ಬಡಿಯುವುದಿಲ್ಲ. ಸಂಡೂರಿನ ಗಣಿಗೆ ಲಾರಿ ಓಡಿಸುವುದನ್ನು ಅಣ್ಣ ಬಿಟ್ಟಿದ್ದಾನೆ. ಮಾಳಿಗೆಗೆ ಹತ್ತುವಾಗ ನಡುವೆ ನಿಲ್ಲುತ್ತಾನೆ.

“ಉಸಿರು ಹತ್ತಿತೇನ್ರಿ?” ಅತ್ತಿಗೆ ಕೆಳಗಿನಿಂದ ಕೇಳುತ್ತಾರೆ.

“ಇಲ್ಲ ಬಿಡ. ಗ್ವಾಡಿ ಸುಣ್ಣ ನೋಡಾಕತ್ತೀನಿ.”

ಅವನು ಮತ್ತೆ ಹೆಜ್ಜೆ ಎತ್ತುವ ತನಕ ಅತ್ತಿಗೆ ಅಲ್ಲಿಂದ ಕದಲುವುದಿಲ್ಲ.