ಅಕ್ಕನಿಗೆ ಕೊಟ್ಟ ಬೆಲ್ಲ

ನಮ್ಮ ಅಡುಗೆಕೋಣೆಯ ಗೂಡಿನಲ್ಲಿ ಬೆಲ್ಲ ತುಂಬಿದ ಒಂದು ಡಬ್ಬಿಯಿದೆ. ಮುಚ್ಚಳ ಜಜ್ಜಿಹೋಗಿ ಸರಿಯಾಗಿ ಕೂರುವುದಿಲ್ಲ. ಇರುವೆಗಳಿಗೆ ಅದು ಗೊತ್ತು. ಹಾಗಾಗಿ ನೀರು ತುಂಬಿದ ತಟ್ಟೆಯ ನಡುವೆ ಅದನ್ನು ಇಟ್ಟಿದ್ದೇನೆ. ಒಬ್ಬನೇ ಇರುವವನಿಗೆ ಇಷ್ಟೊಂದು ಬೆಲ್ಲವೇಕೆ ಎಂದು ನೀವು ಕೇಳಬಹುದು. ನಮ್ಮ ಕಡೆ ಮನೆಗೆ ಬಂದವರ ಮುಂದೆ ಮೊದಲು ಒಂದು ಚೂರು ಬೆಲ್ಲ, ಒಂದು ಚೆಂಬು ನೀರು ಇಡಬೇಕು, ಮಾತೆಲ್ಲ ಆಮೇಲೆ. ಡಬ್ಬಿ ಖಾಲಿಯಾಗಬಾರದೆಂಬುದು ನನ್ನ ಹೆಂಡತಿಯ ಕಟ್ಟಳೆ. ಅವಳು ತೀರಿಕೊಂಡು ಮೂರು ವರ್ಷವಾಯಿತು, ಕಟ್ಟಳೆ ಉಳಿದಿದೆ.

ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ದೊಡ್ಡ ಮಾತುಗಳು ಬರುವುದಿಲ್ಲ. ಆದರೆ ಸಣ್ಣ ಮನೆಯ ಸುಖ ಎಂಥದ್ದೆಂದು ಕೇಳಿದರೆ ಹೇಳಬಲ್ಲೆ, ಹುಟ್ಟಿದಂದಿನಿಂದ ಒಂದರಲ್ಲೇ ಇದ್ದೇನಲ್ಲ. ಕುಂದಾಪುರದ ಹೊಳೆಬದಿಯ ಈ ಮನೆಗೆ ಇರುವುದು ಒಂದು ಜಗಲಿ, ಒಂದು ಚಾವಡಿ, ಒಂದು ಕೋಣೆ, ಹಿಂದೆ ಅಡುಗೆಯ ಜಾಗ. ಚಾವಡಿಯಲ್ಲಿ ಕುಳಿತವನಿಗೆ ಒಲೆಯ ಮೇಲೆ ಗಂಜಿ ಉಕ್ಕುವುದೂ ಕೇಳುತ್ತದೆ, ಅಂಗಳಕ್ಕೆ ಬಂದವರ ಚಪ್ಪಲಿಯ ಸದ್ದೂ ಕೇಳುತ್ತದೆ. ಜಗಳವಾದರೆ ಮುಖ ತಿರುಗಿಸಿಕೊಂಡು ಹೋಗಿ ಕೂರಲು ಇನ್ನೊಂದು ಕೋಣೆಯಿಲ್ಲದೆ ಊಟದ ಹೊತ್ತಿಗೆ ರಾಜಿಯಾಗಲೇಬೇಕು. ಗೋಡೆಯಲ್ಲಿ ತಲೆಯೆಣ್ಣೆಯ ಕಲೆಗಳಿವೆ: ಅಪ್ಪನದು ಎತ್ತರದಲ್ಲಿ, ಅಮ್ಮನದು ಅದರ ಕೆಳಗೆ, ಅಕ್ಕನದು ಬಾಗಿಲ ಪಕ್ಕ. ಎಷ್ಟು ಸುಣ್ಣ ಬಳಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಮೂಡಿಕೊಳ್ಳುತ್ತವೆ.

ಈ ಮನೆಗೆ ಮೊದಲು ಇದ್ದದ್ದು ಹುಲ್ಲು ಹೊದಿಸಿದ ಮಾಡು. ಅಪ್ಪ ತೀರಿಕೊಂಡ ವರ್ಷ ಗಿರಿಜಕ್ಕ ಹಂಚಿನ ಕಾರ್ಖಾನೆಯ ಕೆಲಸಕ್ಕೆ ಸೇರಿದಳು. ಸುಡುವಾಗ ಸ್ವಲ್ಪ ಸೊಟ್ಟಗಾದ ಹಂಚುಗಳನ್ನು ಕೆಲಸದವರು ಕೊಂಡೊಯ್ಯಬಹುದಿತ್ತು. ಪ್ರತಿ ಶನಿವಾರ ಸಂಜೆ ಅವಳು ನಾಲ್ಕೋ ಐದೋ ಹಂಚನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದಳು. ದಾರಿಯಲ್ಲಿ ಅಂಗಡಿಯವರು ಕೆಣಕುತ್ತಿದ್ದರು: "ಹ್ವಾಯ್ ಗಿರ್ಜಾ, ಕಾರ್ಖಾನಿಯನ್ನೇ ಹೊತ್ಕಂಡ್ ಹೋತ್ಯಾ ಎಂತ?" ಅವಳು ತಲೆ ಅಲ್ಲಾಡಿಸುವಂತಿಲ್ಲ, ಕಣ್ಣು ಮಾತ್ರ ತಿರುಗಿಸಿ ಹೇಳುತ್ತಿದ್ದಳು: "ಮೊದ್ಲ್ ಮಾಡ್ ಮುಗಿಲಿ ಮಾರಾಯ್ರೆ, ಕಾರ್ಖಾನಿ ಮತ್ತ್ ಹೊತ್ಕಂಡ್ ಹೋತೆ." ನಾಲ್ಕು ವರ್ಷದಲ್ಲಿ ಮಾಡು ಮುಗಿಯಿತು. ಆಮೇಲೆ ಅವಳು ಮದುವೆಯಾಗಿ ನಾವುಂದಕ್ಕೆ ಹೋದಳು.

ಇನ್ನು ನನ್ನ ತಪ್ಪಿನ ಮಾತು. ಹನ್ನೆರಡು ವರ್ಷದ ಹಿಂದೆ ಭಾವ ತೀರಿಕೊಂಡರು. ಮಕ್ಕಳಿಲ್ಲದ ಅಕ್ಕನಿಗೆ ಆ ಮನೆಯಲ್ಲಿ ಜಾಗ ಉಳಿಯಲಿಲ್ಲ. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ನಮ್ಮ ಅಂಗಳಕ್ಕೆ ಬಂದಳು. ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಕೊಕ್ಕರ್ಣೆಯ ತವರಿಗೆ ಹೋಗಿದ್ದಳು, ಮನೆಯಲ್ಲಿದ್ದವನು ನಾನೊಬ್ಬನೇ. ಅಕ್ಕ ಯಾವಾಗ ಬಂದರೂ ನೇರ ಒಳಗೆ ಹೋಗಿ, ಕೊಡಪಾನದ ಮುಚ್ಚಳ ತೆಗೆದು, ತಾನೇ ನೀರು ಮೊಗೆದು, ನಿಂತಲ್ಲೇ ಕುಡಿದು, "ಇದ್ ನಿನ್ನಿ ನೀರಾ?" ಎಂದು ಬೈಯುವವಳು. ಮನೆಯವರು ಮಾಡುವುದೇ ಹಾಗಲ್ಲವೇ? ಆದರೆ ಅಂದು ಅವಳ ಕೈಯಲ್ಲಿ ಒಂದಲ್ಲ, ಎರಡು ಚೀಲಗಳಿದ್ದವು. ನಾನು ಅದನ್ನು ನೋಡಿದೆ. ಅವಳು ಕಾಲು ತೊಳೆದು ಮುಗಿಸುವ ಮೊದಲೇ ಓಡಿಹೋಗಿ ಬೆಲ್ಲ ತಂದೆ, ನೀರು ತಂದೆ, ಜಗಲಿಯಲ್ಲಿ ಅವಳ ಮುಂದೆ ಇಟ್ಟೆ. ನೆಂಟರಿಗೆ ಇಟ್ಟ ಹಾಗೆ.

ಅವಳು ತಟ್ಟೆಯನ್ನೊಮ್ಮೆ ನೋಡಿದಳು. ಚೀಲಗಳನ್ನು ಜಗಲಿಯ ಮೇಲಿಡಲಿಲ್ಲ, ಕೆಳಗೆ ಮೆಟ್ಟಿಲ ಮೇಲೇ ಬಿಟ್ಟಳು. ಕೂತು ಬೆಲ್ಲವನ್ನು ಅರ್ಧ ಕಚ್ಚಿದಳು.

"ಬೆಲ್ಲ ಲಾಯ್ಕಿತ್. ಎಲ್ಲಿದಾ?"

"ಸಂತಿದ್," ಎಂದೆ. ಯಾರೂ ಕೇಳದಿದ್ದರೂ ಮುಂದುವರಿಸಿದೆ: "ಹುಡ್ಗಿ ದೊಡ್ಡಾತಾ ಬಂತ್ ಅಕ್ಕಾ, ಮನಿ ಸಣ್ದಾಯ್ತ್."

ಅವಳು ತಲೆಯೆತ್ತಿ ಮಾಡು ನೋಡಿದಳು. "ಹೌದಾ, ಸಣ್ದೇ. ಹಂಚ್ ಜಾಸ್ತಿ ಹಿಡಿಲಿಲ್ಲ."

ಆಮೇಲೆ ಎದ್ದು, ಬ್ರಹ್ಮಾವರದಲ್ಲಿ ಯಾರೋ ಕೆಲಸ ಕೊಡುತ್ತಾರಂತೆ, ಬಸ್ಸಿಗೆ ಹೊತ್ತಾಯಿತು ಎಂದಳು. ಆ ಮಾತು ಅದೇ ಗಳಿಗೆಯಲ್ಲಿ ಹುಟ್ಟಿದ್ದೆಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಹೆಂಡತಿ ಬಂದು ತಟ್ಟೆಯಲ್ಲಿ ಉಳಿದ ಅರ್ಧ ಬೆಲ್ಲ ನೋಡಿ ಯಾರು ಬಂದಿದ್ದರೆಂದು ಕೇಳಿದಳು. ಹೇಳಿದೆ. "ಅತ್ಗಿಗ್ ಬೆಲ್ಲ ಕೊಟ್ರ್ಯಾ? ಅವ್ರೆಂತ ನೆಂಟ್ರಾ?" ಎಂದಳು. ತಟ್ಟೆ ಎತ್ತಿಕೊಳ್ಳುತ್ತಾ, "ನಾನೂ ಹುಡ್ಗಿಯೂ ಅವ್ರೊಟ್ಟಿಗ್ ಚಾವ್ಡಿಲಿ ಮಲ್ಕಂತಿದ್ವಪ್ಪ" ಎಂದಳು. ಹೆಂಡತಿಗೆ ಕಷ್ಟವಾದೀತು ಎಂದು ನನಗೆ ನಾನೇ ಹೇಳಿಕೊಂಡಿದ್ದ ನೆಪವೂ ಅಲ್ಲಿಗೆ ಮುಗಿಯಿತು. ಬ್ರಹ್ಮಾವರಕ್ಕೆ ಬಸ್ಸಿಗೇನು ಬರಗಾಲ? ಒಂದು ಹೋದರೆ ಹಿಂದೆಯೇ ಇನ್ನೊಂದು. ಹನ್ನೆರಡು ವರ್ಷ ಅವು ಹೋಗುತ್ತಲೇ ಇದ್ದವು, ನಾನು ಹತ್ತಲಿಲ್ಲ. ಅಕ್ಕ ಅಲ್ಲೊಂದು ಬಾಡಿಗೆ ಕೋಣೆ ಹಿಡಿದು, ಹೋಟೆಲಿಗೆ ಚಪಾತಿ ಲಟ್ಟಿಸಿಕೊಂಡು ಇದ್ದಾಳೆ.

ಈಗ ಹೆಂಡತಿಯಿಲ್ಲ, ಮಗಳು ಗಂಡನ ಮನೆಯಲ್ಲಿದ್ದಾಳೆ. ಸಣ್ಣದೆಂದು ನಾನು ಹೇಳಿದ ಮನೆ ಅದೇ, ಒಂದು ಗೋಡೆಯೂ ಸರಿದಿಲ್ಲ. ಆದರೆ ಅಡುಗೆಯ ಜಾಗದಿಂದ ಜಗಲಿಗೆ ಬರುವಷ್ಟರಲ್ಲಿ ಎಷ್ಟೋ ದೂರ ನಡೆದ ಹಾಗಾಗುತ್ತದೆ. ರಾಜಿಯಾಗಲು ಜಗಳವೇ ಇಲ್ಲ. ಗಂಜಿ ಉಕ್ಕುವುದು ಈಗಲೂ ಕೇಳುತ್ತದೆ, ಚಪ್ಪಲಿಯ ಸದ್ದು ಕೇಳುವುದಿಲ್ಲ.

ಈ ವರ್ಷ ಮಳೆಗೆ ಮೊದಲು ಧೈರ್ಯ ಮಾಡಿ ಅಕ್ಕನಿಗೆ ಫೋನು ಮಾಡಿದೆ. ಒಡೆದ ಹಂಚು ಬದಲಿಸಬೇಕು, ನೀನೊಮ್ಮೆ ಬಂದು ನೋಡು ಎಂದೆ. ಬಂದು ಇಲ್ಲೇ ಇರು ಎನ್ನಲು ಬಾಯಿ ಬರಲಿಲ್ಲ. ಅವಳು ಬರುವ ದಿನ ಕೊಡಪಾನ ಬೆಳಗಿ ಹೊಸ ನೀರು ತುಂಬಿ, ಬಾಗಿಲಿನಿಂದಲೇ ಕಾಣುವಂತೆ ಇಟ್ಟೆ. ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಅವಳು ಒಳಗೆ ಬಂದು ತಾನೇ ನೀರು ಮೊಗೆದು ಕುಡಿದು ಬೈದರೆ ಸಾಕು, ಮುಂದಿನದು ನಾನು ಹೇಳಿಯೇನು ಎಂದುಕೊಂಡು ಚಾವಡಿಯಲ್ಲಿ ನಿಂತೆ.

ಅಕ್ಕ ಬಂದಳು, ಕಾಲು ತೊಳೆದಳು, ಜಗಲಿಯಲ್ಲಿ ಕೂತಳು.

"ಒಳ್ಗ್ ಬಾ ಅಕ್ಕಾ," ಎಂದೆ.

"ಇಲ್ಲೇ ಗಾಳಿ ಲಾಯ್ಕಿತ್," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತಲೇ ಕೇಳಿದಳು: "ಎಂತದಾ ತಮ್ಮಾ, ಬೆಲ್ಲ ಖಾಲಿ ಆಯ್ತಾ?"

ಆ ನಗೆಯಲ್ಲಿ ಸಿಟ್ಟನ್ನು ಹುಡುಕಿದೆ. ಇದ್ದಿದ್ದರೆ ಕಾಲು ಹಿಡಿಯಬಹುದಿತ್ತು. ಇರಲಿಲ್ಲ. ಅಟ್ಟದಿಂದ ಡಬ್ಬಿ ಇಳಿಸಿ ಬೆಲ್ಲ ತಂದು ಅವಳ ಮುಂದಿಟ್ಟೆ. ಈ ಸಲ ಪೂರ್ತಿ ತಿಂದಳು. ಮೂಲೆಯ ಎರಡು ಹಂಚು ಒಡೆದಿದೆಯೆಂದು ಕೈ ತೋರಿಸಿ, ಮಧ್ಯಾಹ್ನದ ಬಸ್ಸಿಗೆ ಹೋದಳು.

ಆ ಹಂಚುಗಳನ್ನು ಬದಲಿಸಿದ್ದೇನೆ. ಡಬ್ಬಿ ಮತ್ತೆ ಗೂಡಿನಲ್ಲಿ, ನೀರಿನ ತಟ್ಟೆಯ ನಡುವೆ ಕೂತಿದೆ. ಅದನ್ನು ತುಂಬಿಸಿಡುವುದು ಹೆಂಡತಿಯ ಕಟ್ಟಳೆಯೆಂದು ಮೊದಲು ಹೇಳಿದೆನಲ್ಲ, ಅದು ಪೂರ್ತಿ ನಿಜವಲ್ಲ. ಅಕ್ಕ ಇನ್ನೊಮ್ಮೆ ಬಂದು ಜಗಲಿಯಲ್ಲಿ ಕೂತರೆ, ಕೊಡಲು ನನ್ನ ಬಳಿ ಉಳಿದಿರುವುದು ಅದೊಂದೇ.