ಅಮೆರಿಕದ ಗೋಧಿ, ನನ್ನ ಮಡಿಲು

ನನ್ನ ಮದುವೆಗೆ ಲಗ್ನ ಇಟ್ಟವರು ಪುರೋಹಿತರು. ಆದರೆ ಅದು ನಡೆಯುತ್ತದೋ ಇಲ್ಲವೋ ಎಂಬುದು ಅಮೆರಿಕದ ಅಧ್ಯಕ್ಷನ ಕೈಯಲ್ಲಿತ್ತು. ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಲ್ಲ ಅವರು.

ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಯುದ್ಧ ನಿಂತರೂ ಅಕ್ಕಿ ಮಾತ್ರ ಬರಲಿಲ್ಲ. ಮಳೆ ಕೈಕೊಟ್ಟಿತ್ತು. ಅಂಗಡಿಯ ಮುಂದೆ ಸಾಲು ಬೆಳೆಯುತ್ತಿತ್ತು, ಅಳೆದು ಕೊಡುವ ಅಕ್ಕಿ ಕರಗುತ್ತಿತ್ತು. ಒಂದು ಊರಿಂದ ಇನ್ನೊಂದು ಊರಿಗೆ ಒಂದು ಸೇರು ಒಯ್ಯಬೇಕಾದರೂ ಪರ್ಮಿಟ್ ಬೇಕು. ಅಂಥ ಕಾಲದಲ್ಲಿ ಕುಂಸಿಯ ಒಕ್ಕಲುಮನೆಯ ಹುಡುಗನಿಗೆ ನನ್ನನ್ನು ಕೊಡುವ ಮಾತಾಯಿತು. ಹುಡುಗ ನೋಡಲು ಬಂದ ದಿನ ನಾನು ತಲೆ ಎತ್ತಲಿಲ್ಲ. ಕಾಫಿ ಲೋಟ ತೆಗೆದುಕೊಂಡ ಕೈಯನ್ನು ಮಾತ್ರ ಕಂಡೆ. ಕೈ ಚೆನ್ನಾಗಿತ್ತು. ಈ ಮದುವೆ ಆಗಲೇಬೇಕೆಂದು ಅವತ್ತೇ ದೇವರಿಗೆ ಮುಡಿಪು ಕಟ್ಟಿದೆ.

ತಾಯಿ ಇಲ್ಲದ ಹುಡುಗ, ಅಜ್ಜಿ ಸಾಕಿದ್ದು. ನಿಶ್ಚಯದ ದಿನ ಆ ಅಜ್ಜಿಯೇ ಊಟದ ಮಾತು ತೆಗೆದರು. ಅಪ್ಪ ವೀಳ್ಯದೆಲೆ ಕೈಯಲ್ಲಿ ಹಿಡಿದುಕೊಂಡೇ, “ಅಮೆರಿಕದಿಂದ ಹಡಗು ಹಡಗು ಗೋಧಿ ಬರುತ್ತೆ. ಅಲ್ಲಿನ ಅಧ್ಯಕ್ಷರೇ ಹೇಳಿದಾರೆ. ಬೀಗರಿಗೆ ಗೋಧಿ ಹೋಳಿಗೆ ಹಾಕಿಸ್ತೀನಿ” ಎಂದುಬಿಟ್ಟರು. ಎಲೆ ಅಡಿಕೆ ಹಿಡಿದು ಆಡಿದ ಮಾತನ್ನು ನಮ್ಮ ಕಡೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಅಧ್ಯಕ್ಷನೂ ಹಾಗೇ ಎಂದು ಅಪ್ಪ ತಿಳಿದಿದ್ದರು.

ಅಧ್ಯಕ್ಷ ಹೊಸಬ. ಯುದ್ಧ ನಡೆಸಿದ ಹಳಬರು ತೀರಿಕೊಂಡ ಮೇಲೆ ಕುರ್ಚಿಗೆ ಬಂದವನು. ಬಂದವನೇ ಜಗತ್ತನ್ನು ಬುಗುರಿಯ ಹಾಗೆ ಆಡಿಸಿದ. ನಿನ್ನೆಯವರೆಗೆ ಹೆಗಲಿಗೆ ಹೆಗಲು ಕೊಟ್ಟ ಗೆಳೆಯರಿಗೆ ಸಹಾಯ ನಿಲ್ಲಿಸಿದ. ಅವರು ಗೋಳಾಡಿದ ಮೇಲೆ ಸಾಲ ಕೊಡುತ್ತೇನೆಂದ. ಗೋಧಿಯ ವಿಷಯದಲ್ಲಂತೂ ಕೇಳುವುದೇ ಬೇಡ. ಒಂದು ದಿನದ ಪೇಪರಿನಲ್ಲಿ ಇಂಡಿಯಾಕ್ಕೆ ಬರುತ್ತಿತ್ತು, ಇನ್ನೊಂದು ದಿನ ಯೂರೋಪಿಗೆ ಹೋಗುತ್ತಿತ್ತು, ಮತ್ತೊಂದು ದಿನ ಹಡಗೇ ಇರುತ್ತಿರಲಿಲ್ಲ. ಬೆಂಗಳೂರಿನ ಪೇಪರು ರೈಲಿನಲ್ಲಿ ಒಂದು ದಿನ ತಡವಾಗಿ ನಮಗೆ ತಲುಪುತ್ತಿತ್ತು. ಅಪ್ಪ ಸಂಜೆ ಜಗಲಿಯ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದುವರು. ಒಳಗೆ ಬಾಗಿಲ ಸಂದಿಯಲ್ಲಿ ನಿಂತು ನಾನು ಕೇಳುವೆ. ಬೇರೆ ಹುಡುಗಿಯರು ಜಾತಕ ಕೇಳಿದ ಹಾಗೆ ನಾನು ಅಮೆರಿಕದ ವರ್ತಮಾನ ಕೇಳುತ್ತಿದ್ದೆ.

ಕೇಳಲು ಬರುವವರಲ್ಲಿ ಪಕ್ಕದ ಮನೆಯ ಬಸ್ ಡ್ರೈವರ್ ಸಾಹೇಬರು ಮುಖ್ಯರು. ಪೆಟ್ರೋಲ್ ಸಿಗದ್ದಕ್ಕೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸನ್ನು ಶಿವಮೊಗ್ಗಕ್ಕೂ ಭದ್ರಾವತಿಗೂ ಕೆಮ್ಮಿಸುತ್ತ ಓಡಿಸುತ್ತಿದ್ದವರು.

“ನಿಮ್ಮ ಅಮೆರಿಕದವನಿಗೆ ಗೇರ್ ಹಾಕೋದು ಬರಲ್ಲ ಸ್ವಾಮಿ. ಫಸ್ಟಿಂದ ಸೀದಾ ರಿವರ್ಸಿಗೆ ಹಾಕ್ತಾನೆ. ಹಿಂದೆ ಕೂತೋರ ಗತಿ ಏನು?” ಎಂದರು ಒಂದು ದಿನ.

“ಹೊಸಬ ಮಾರಾಯ. ಹೊಸ ಎತ್ತು ನೊಗಕ್ಕೆ ಒಗ್ಗೋಕೆ ಒಂದು ಮಳೆಗಾಲ ಬೇಡ್ವಾ? ತನ್ನ ಜನಕ್ಕೇ ರೊಟ್ಟಿ ಕಮ್ಮಿ ತಿನ್ನಿ ಅಂದಿದಾನೆ. ಯಾವ ದೊರೆ ಹಾಗಂದಿದ್ದ?” ಅಪ್ಪ ಬಿಡುವವರಲ್ಲ.

ಅದು ಮಾತ್ರ ಎಲ್ಲರಿಗೂ ಹಿಡಿಸಿತು. ಹೊಟ್ಟೆ ತುಂಬಿದವನು ಹಸಿದವನಿಗಾಗಿ ತುತ್ತು ಕಮ್ಮಿ ಮಾಡೆಂದು ತನ್ನ ಮನೆಯವರಿಗೆ ಹೇಳುವುದು ಸಣ್ಣ ಮಾತಲ್ಲ. ಕ್ಷೌರದಂಗಡಿಯಲ್ಲೂ ಅದೇ ಹೊಗಳಿಕೆ. ಅನ್ನ ಬಿಟ್ಟು ಗೋಧಿ ತಿನ್ನಿಸಿ ಊರಿಗೆಲ್ಲ ದಿನವೂ ಏಕಾದಶಿ ಮಾಡಿಸುವ ಪುಣ್ಯಾತ್ಮ ಎಂದು ನಗುತ್ತಿದ್ದರು. ಆ ಮಾತು ನಮ್ಮ ಜಗಲಿಗೆ ಬಂದಾಗ ಅಮ್ಮ ಒಬ್ಬಳೇ ನಗಲಿಲ್ಲ.

“ಜಪಾನಿನ ಎರಡು ಊರನ್ನ ಮಕ್ಕಳು ಮರಿ ಸಮೇತ ಸುಟ್ಟೋನು ಅವನೇ ಅಲ್ವಾ? ಅವನು ನನ್ನ ಮಗಳ ಮದುವೆಗೆ ಕಾಳು ಕಳಿಸ್ತಾನಾ?” ಎಂದಳು. ಅಪ್ಪ ಪೇಪರನ್ನು ಮಡಿಸಿ ಒಳಗೆ ಬಂದರು.

ಲಗ್ನ ಹತ್ತಿರ ಬಂತು, ಹಡಗು ಬರಲಿಲ್ಲ. ಕುಂಸಿಯಲ್ಲಿ ಯಾರೋ, ‘ಹುಡುಗಿಯ ಅಪ್ಪ ಅಮೆರಿಕದ ಗಾಳಿ ನಂಬಿ ಮಾತು ಕೊಟ್ಟಿದಾನೆ, ಮದುವೆ ಮುಂದಕ್ಕೆ ಹಾಕಿ’ ಎಂದು ಕಿವಿ ಊದಿದರು. ಒಂದು ಮಧ್ಯಾಹ್ನ ಅಜ್ಜಿಯೇ ಸಾಹೇಬರ ಬಸ್ಸಿಳಿದು ಬಂದರು. ನಾನು ಬಾಗಿಲ ಹಿಂದೆ ಹೋಗಿ ನಿಂತೆ. ಮುಂದಕ್ಕೆ ಹಾಕಿದ ಮದುವೆಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆಂದು ನನಗೆ ಗೊತ್ತಿತ್ತು.

ಅಪ್ಪ ಯೂರೋಪಿನಿಂದ ಶುರುಮಾಡಿದರು. ರಷ್ಯಾ, ಇಂಗ್ಲೆಂಡು, ಬಂದರು, ರೈಲು ಮುಷ್ಕರ, ಎಲ್ಲ ಹೇಳಿದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡರು.

“ಅದೆಲ್ಲ ಇರ್ಲಿ ಬೀಗರೇ. ಆ ಮನುಷ್ಯನಿಗೆ ಮಕ್ಕಳೆಷ್ಟು?”

ಅಪ್ಪ ತಬ್ಬಿಬ್ಬಾದರು. “ಒಬ್ಬಳೇ ಮಗಳಂತೆ.”

“ಮದುವೆ ಆಗಿದ್ಯಾ?”

“ಇನ್ನೂ ಇಲ್ಲ ಅಂತ ಪೇಪರಲ್ಲಿತ್ತು.”

“ಹಂಗಾದ್ರೆ ಕಳಿಸ್ತಾನೆ” ಎಂದು ಅಜ್ಜಿ ಎಲೆ ಬಾಯಿಗಿಟ್ಟರು. “ಮದುವೆಗೆ ಬಂದ ಮಗಳು ಮನೇಲಿರೋನು ಹೊರಗೆ ಹತ್ತು ಮಾತಾಡ್ತಾನೆ, ಹತ್ತು ಕಡೆ ಓಡ್ತಾನೆ, ಬೈಸ್ಕೋತಾನೆ. ತಡ ಮಾಡ್ತಾನೆ. ಇಲ್ಲ ಅನ್ನಲ್ಲ. ನಿಮ್ಮನ್ನೇ ನೋಡಿದ್ರೆ ಗೊತ್ತಾಗಲ್ವಾ? ಲಗ್ನ ಇಟ್ಟ ದಿನಾನೇ ಆಗ್ಲಿ.”

ಪ್ರಪಂಚದ ರಾಜಕೀಯವನ್ನು ಅಷ್ಟು ಹಗುರಾಗಿ ಬಗೆಹರಿಸಿದವರನ್ನು ನಾನು ಆಮೇಲೆ ಯಾರನ್ನೂ ಕಂಡಿಲ್ಲ. ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ. ಅಜ್ಜಿಗೆ ಸೊಸೆಯಾಗಿಯಾದರೂ ಹೋಗಬೇಕು, ಹುಡುಗನ ಕೈ ಹೇಗಾದರೂ ಇರಲಿ ಅನ್ನಿಸಿತು.

ಮದುವೆಯ ಹಿಂದಿನ ದಿನ ಬೀಗರ ಕಡೆಯ ಹೆಂಗಸರು ಬಂದಿಳಿದರು. ಎಲ್ಲರ ಮಡಿಲೂ ತುಂಬಿತ್ತು. ಸೀರೆಯ ಮಡಿಕೆಯಲ್ಲಿ, ಸೆರಗಿನ ಗಂಟಿನಲ್ಲಿ, ಸೊಂಟದ ಸುತ್ತ ಅಕ್ಕಿ! ದಾರಿಯಲ್ಲಿ ತಪಾಸಣೆಯವನು ಬಸ್ ನಿಲ್ಲಿಸಿದಾಗ ಸಾಹೇಬರು, “ಎಲ್ಲಾ ಬಸುರಿ ಹೆಂಗಸರು, ಜಲ್ದಿ ಬಿಡಪ್ಪ” ಎಂದರಂತೆ. ಅವನು ಅಜ್ಜಿಯ ಹೊಟ್ಟೆ ತೋರಿಸಿ, “ಇವರೂನಾ?” ಎಂದನಂತೆ. “ಅಲ್ಲಾನ ಮರ್ಜಿ, ನಾವೇನು ಮಾಡೋದು?” ಎಂದರಂತೆ ಸಾಹೇಬರು. ಸಾಹೇಬರು ಹೇಳಿದ್ದರಲ್ಲಿ ಅರ್ಧ ಕಳೆಯಬೇಕು. ಆದರೆ ಅಕ್ಕಿ ಬಂದದ್ದು ನಿಜ. ಹೋಳಿಗೆ ಇಲ್ಲದಿದ್ದರೂ ಅನ್ನ ಪಾಯಸದಲ್ಲಿ ನನ್ನ ಮದುವೆ ನಡೆಯಿತು. ಹುಡುಗನ ಮುಖವೂ ಪರವಾಗಿರಲಿಲ್ಲ.

ಅಪ್ಪ ಮಾತ್ರ ಪಂಕ್ತಿಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಬೀಗರಿಗೆ ಬಡಿಸಬೇಕಾದವರು ಬೀಗರ ಅಕ್ಕಿಯನ್ನೇ ಬಡಿಸುತ್ತಿದ್ದರು.

ನನ್ನನ್ನು ಕಳಿಸಿಕೊಡುವ ಹೊತ್ತಿಗೆ ಇನ್ನೊಂದು ಕಷ್ಟ ಎದುರಾಯಿತು. ಮಗಳು ಹೊರಡುವಾಗ ತವರಿನವರು ಅವಳ ಮಡಿಲಿಗೆ ಅಕ್ಕಿ ತುಂಬಬೇಕು. ಉಳಿದ ಅಕ್ಕಿಯನ್ನು ಮೊರದಲ್ಲಿ ಹಾಕಿ ಯಾರೋ ಅಮ್ಮನ ಕೈಗೆ ಕೊಟ್ಟರು. ಅಮ್ಮ ಮೊರವನ್ನು ಕೆಳಗಿಟ್ಟಳು.

“ಅವರ ಅಕ್ಕಿ ಅವರ ಸೊಸೆಗೇ ತುಂಬಿ ಕಳಿಸ್ಲಾ? ನನ್ನ ಕೈಲಾಗಲ್ಲ.”

ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ಅರಿಸಿನದ ಕೊಂಬು ಇಟ್ಟಳು. ಕಾಳು ಇಡಲಿಲ್ಲ. ಅಪ್ಪ ಹಿತ್ತಲಿಗೆ ಹೋಗಿ ನಿಂತವರು ನಾನು ಗಾಡಿ ಹತ್ತುವವರೆಗೂ ಬರಲಿಲ್ಲ. ಕುಂಸಿಯವರೆಗೂ ನನ್ನ ಮಡಿಲು ಹಗುರವಾಗಿತ್ತು, ಅದರಿಂದ ನನಗೆ ಬಹಳ ನೋವಾಯಿತು.

ಮಳೆ ಹಿಡಿದ ಮೇಲೆ ಒಂದು ದಿನ ಅಪ್ಪ ಕುಂಸಿಗೆ ಬಂದರು. ಛತ್ರಿ ಇತ್ತು, ಆದರೆ ಅದನ್ನು ಹಿಡಿದದ್ದು ಕಂಕುಳಲ್ಲಿದ್ದ ಗಂಟಿನ ಮೇಲೆ, ಅಪ್ಪ ತೊಪ್ಪೆಯಾಗಿದ್ದರು. ಪಡಸಾಲೆಯಲ್ಲಿ ಗಂಟು ಬಿಚ್ಚಿದರು. ಕೆಂಪು ಛಾಯೆಯ, ಗಿಡ್ಡ ಗಿಡ್ಡ ಗೋಧಿ. ನಮ್ಮ ಕಡೆಯದಲ್ಲ.

“ಹಡಗು ಬಂತು” ಎಂದರು ಅಪ್ಪ. ಅಂಗಡಿಗೆ ಬಂದ ಮೊದಲ ಗೋಧಿಯಂತೆ. ಅಮ್ಮ ಒಂದು ಕಾಳೂ ಮುಟ್ಟದೆ ಎತ್ತಿಟ್ಟಿದ್ದಳು. ತಾನೇ ಬರಬೇಕೆಂದಿದ್ದವಳು ಚಳಿಜ್ವರದಲ್ಲಿ ಮಲಗಿಬಿಟ್ಟಿದ್ದಳು. “ಮಡಿಲಿಗೆ ಅಂತ ಕಳಿಸಿದಾಳೆ. ಯಾರಾದ್ರೂ ಮುತ್ತೈದೇರನ್ನ ಕರೆಸಿ.”

ಅಜ್ಜಿ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು. “ಹೇಳಿರ್ಲಿಲ್ವಾ, ಹೆಣ್ಣು ಹೆತ್ತೋನು ಕಳಿಸ್ತಾನೆ ಅಂತ?” ಎಂದರು. ಆಮೇಲೆ ನನ್ನನ್ನು ಮಣೆಯ ಮೇಲೆ ಕೂರಿಸಿ ಅಪ್ಪನ ಕಡೆ ತಿರುಗಿದರು. “ಯಾರನ್ನೂ ಕರೆಸೋದು ಬೇಡ. ಎಲೆ ಹಿಡಿದು ಮಾತು ಕೊಟ್ಟೋರು ನೀವು. ನೀವೇ ತುಂಬಿ.”

ಗಂಡಸರು ಮಡಿಲು ತುಂಬಿದ್ದನ್ನು ನಾನು ಕೇಳಿರಲಿಲ್ಲ, ಕಂಡಿರಲಿಲ್ಲ. ಅಪ್ಪನೂ ಕಂಡಿರಲಿಲ್ಲ. ಒದ್ದೆ ಕೈ ಒರೆಸಿಕೊಂಡು ಎದುರು ಕೂತರು. ಬೊಗಸೆಯಲ್ಲಿ ಗೋಧಿ ತೆಗೆದರು. ಒಂದಷ್ಟು ಕಾಳು ನೆಲಕ್ಕೆ ಚೆಲ್ಲಿತು.

“ತಡ ಆಯ್ತು ಮಗಳೇ” ಎಂದರು.

ನಾನು ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದೆ.